ಬಾಳೆನಾರು ಮೂಸುತ್ತಿದ್ದ ಅಶ್ವತ್ಥ

ಅಶ್ವತ್ಥ ತೀರಿಕೊಂಡ ಮೇಲೆ ಅವನನ್ನು ಬಲ್ಲವರೆಲ್ಲ ಅವನ ಮೂಗಿನ ಮಾತನ್ನೇ ಆಡಿದರು. ಹೊಗೆ ಕಣ್ಣಿಗೆ ಬೀಳುವ ಮೊದಲೇ ಬೆಂಕಿಯನ್ನು ಮೂಸಿ ಹಿಡಿದನಂತೆ, ಆರು ಹೆಂಗಸರ ಜೀವ ಉಳಿಸಿದನಂತೆ. ಜೀವ ಉಳಿಸಿದ್ದು ನಿಜ. ಮೂಸಿ ಹಿಡಿದದ್ದು ಸುಳ್ಳು. ಅದು ಸುಳ್ಳೆಂದು ಶೇಷಗಿರಿಗೆ ಗೊತ್ತಿತ್ತು. ಆರು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ಅವನು ಯಾರಿಗೂ ಹೇಳಿರಲಿಲ್ಲ.

ಶೇಷಗಿರಿ ಗದಗದವನು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು ಪಟಮಟದಲ್ಲಿ ಮನೆ ಹಿಡಿದ ಮೊದಲನೆಯ ಸಂಜೆ, ಸಾಮಾನು ಇಳಿಸುತ್ತಿದ್ದಾಗ ಮೆಟ್ಟಿಲ ಮೇಲಿಂದ ಕನ್ನಡ ಕೇಳಿಸಿತು.

"ಸಾರಿಗೆ ಇಂಗು ಜಾಸ್ತಿ ಆಯ್ತು ಕಣೇ ಪಂಕಜಾ. ಗೇಟಿನ ತನಕ ಬಡೀತಿದೆ."

"ಬಸ್ಸಲ್ಲಿ ಬರ್ತಾನೇ ಗೊತ್ತಾಗ್ಲಿಲ್ವಾ? ಪೊಲೀಸ್ ನಾಯಿ ಜೊತೆ ಸಂಸಾರ ಮಾಡಿದ ಹಾಗಾಯ್ತು ನಂದು" ಎಂದಿತು ಒಳಗಿನಿಂದ ಹೆಣ್ಣುದನಿ.

ಮೇಲಿನ ಮನೆಯ ಅಶ್ವತ್ಥ ಸ್ನೇಹಿತನಾದದ್ದು ಹೀಗೆ. ಊರು ತಿಪಟೂರು. ಅಪ್ಪ ತೆಂಗಿನನಾರಿನ ಕಾರ್ಖಾನೆಯಲ್ಲಿ ದುಡಿದವರು. ಮಗ ಸಿಪ್ಪೆಯ ರಾಶಿಗಳ ನಡುವೆ ಆಡಿ ಬೆಳೆದು, ಮೈಸೂರಿನಲ್ಲಿ ಪ್ಲಾಸ್ಟಿಕ್ ಡಿಪ್ಲೊಮಾ ಓದಿ, ನಾರು ಮತ್ತು ಪ್ಲಾಸ್ಟಿಕ್ಕು ಎರಡೂ ಬೇಕಾದ ಕೆಲಸವೊಂದು ವಿಜಯವಾಡದ ಹತ್ತಿರದ ಕೊಂಡಪಲ್ಲಿಯಲ್ಲಿದೆ ಎಂದು ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ.

ಕೃಷ್ಣಪ್ರಸಾದ ಎಂಬವರ ಸಣ್ಣ ಕಾರ್ಖಾನೆ ಅದು. ಮಣ್ಣಿನಲ್ಲಿ ಕರಗಿಹೋಗುವ ಪ್ಲಾಸ್ಟಿಕ್ಕಿನ ಹರಳು ಅಲ್ಲಿ ತಯಾರಾಗುತ್ತಿತ್ತು. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಆ ಪ್ಲಾಸ್ಟಿಕ್ಕು ಒಂಟಿಯಾಗಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ. ಗಟ್ಟಿಯಾಗಬೇಕಾದರೆ ಒಳಗೆ ನಾರು ಬೇಕು. ಕೃಷ್ಣೆಯ ದಂಡೆಯ ತೋಟಗಳಲ್ಲಿ ಗೊನೆ ಕಡಿದ ಮೇಲೆ ಬಾಳೆಗಿಡಗಳನ್ನು ಬದುವಿನ ಮೇಲೆ ಎಸೆಯುತ್ತಾರೆ. ಆ ಕಾಂಡದಿಂದ ನಾರು ತೆಗೆದು, ಒಣಗಿಸಿ, ಸಣ್ಣಗೆ ಕತ್ತರಿಸಿ, ಪ್ಲಾಸ್ಟಿಕ್ಕಿನ ಜೊತೆ ಕಾಯಿಸಿ ಹಿಂಡಿ ಹರಳು ಮಾಡುತ್ತಿದ್ದರು.

"ನಿಮ್ಮ ಕಡೆ ಗೋಡೆ ಮಣ್ಣಿಗೆ ಹುಲ್ಲು ಹಾಕಿ ತುಳೀತಾರಲ್ಲ, ಅದೇ ಕಣಯ್ಯ" ಎನ್ನುತ್ತಿದ್ದ ಅಶ್ವತ್ಥ. "ಮಣ್ಣಿನ ಬದ್ಲು ಪ್ಲಾಸ್ಟಿಕ್ಕು, ಹುಲ್ಲಿನ ಬದ್ಲು ಬಾಳೆನಾರು. ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ನಂಗೆ ಸಂಬಳ ಕೊಡ್ತಾರೆ."

ಈ ಕೆಲಸದಲ್ಲಿ ಕಾಯಬೇಕಾದ ಅಪಾಯ ಎರಡು. ಯಂತ್ರದ ಬಿಸಿ ಸ್ವಲ್ಪ ಏರಿದರೂ ನಾರು ಒಳಗೇ ಸೀದು ಮಾಲು ಕೆಡುತ್ತದೆ. ಇನ್ನೊಂದು ಗೋಡೌನಿನದು. ಅರೆಬರೆ ಒಣಗಿದ ನಾರನ್ನು ಪಿಂಡಿ ಕಟ್ಟಿ ಅಟ್ಟಿ ಹಾಕಿದರೆ ಹಸಿಯೆಲ್ಲ ಒಳಗೇ ಕೊಳೆತು ಕಾವು ಕಟ್ಟುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ವಾರ, ಹತ್ತು ದಿನ ಆ ಕಾವು ಒಳಗೊಳಗೇ ಬೆಳೆದು ಕೊನೆಗೆ ನಾರನ್ನೇ ಸುಡತೊಡಗುತ್ತದೆ. ಕಿಡಿ ತಾಕಿಸುವವರು ಯಾರೂ ಬೇಕಿಲ್ಲ. ಎರಡಕ್ಕೂ ಮೊದಲ ಸುಳಿವು ವಾಸನೆ: ಶುರುವಿಗೆ ಹುರಿದ ಕಡಲೆಕಾಯಿಯದು, ಆಮೇಲೆ ಬೆಲ್ಲದ ಪಾಕದ್ದು. ಪಾಕದ ವಾಸನೆ ಬಂದರೆ ಇನ್ನು ಹೊತ್ತಿಲ್ಲ ಎಂದು ಅರ್ಥ.

ಆ ಸುಳಿವನ್ನು ಅಶ್ವತ್ಥ ಎಲ್ಲರಿಗಿಂತ ಒಂದು ದಿನ ಮೊದಲು ಹಿಡಿಯುತ್ತಿದ್ದ. ದಿನಾ ಬೆಳಿಗ್ಗೆ ಎಂಟಕ್ಕೆ ಸೀಮೆಸುಣ್ಣ ಹಿಡಿದು ಗೋಡೌನಿಗೆ ಬರುವನು. ಒಂದೊಂದು ಅಟ್ಟಿಯ ಮುಂದೆಯೂ ಬಗ್ಗಿ, ಪಿಂಡಿಗಳ ಸಂದಿಗೆ ಮೂಗಿಟ್ಟು, ಉಸಿರೆಳೆದು, ತಲೆಯಾಡಿಸಿ, ಅಲ್ಲಿ ತೂಗುಹಾಕಿದ್ದ ಸ್ಲೇಟಿನ ಮೇಲೆ ಒಂದು ರೈಟ್ ಮಾರ್ಕು ಹಾಕುವನು. ಆ ಮಾರ್ಕಿಲ್ಲದೆ ಒಂದು ಪಿಂಡಿಯೂ ಕದಲುತ್ತಿರಲಿಲ್ಲ. ನಾರು ಒಣಗಿಸಿ ಪಿಂಡಿ ಕಟ್ಟುವ ಹೆಂಗಸರ ಮೇಸ್ತ್ರಿ ಹೈಮಾವತಿ, "ನಮ್ಮ ಸಾರು ಮೂಸಿ ಹೂಂ ಅಂದರೆ ದುರ್ಗಮ್ಮನೇ ಹೂಂ ಅಂದ ಹಾಗೆ" ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದಳು. ಅಟ್ಟಿಯೊಳಗೆ ಚುಚ್ಚುವ ಉದ್ದನೆಯ ಥರ್ಮಾಮೀಟರುಗಳು ಸಿಗುತ್ತವೆ ಎಂದು ಯಾರೋ ಹೇಳಿದಾಗ ಕೃಷ್ಣಪ್ರಸಾದ ನಕ್ಕಿದ್ದರು: "ಅದೆಲ್ಲ ಯಾಕಂಡಿ? ನಮ್ಮ ಅಶ್ವತ್ಥಗಾರು ಇಲ್ಲವಾ?"

ಬುಡಮೇರು ಹಳ್ಳ ಉಕ್ಕಿ ಊರಿಗೆ ನುಗ್ಗಿದ ಮರುವರ್ಷ, ಜನವರಿಯಲ್ಲಿ, ಅಶ್ವತ್ಥನಿಗೆ ಜ್ವರ ಬಂತು. ಐದು ದಿನಕ್ಕೆ ಬಿಟ್ಟಿತು. ಕೆಲಸಕ್ಕೆ ಹೋದ. ಏನೂ ಆಗದ ಹಾಗೇ ಇದ್ದ.

ಫೆಬ್ರವರಿ ಕೊನೆಯಲ್ಲಿ ಶೇಷಗಿರಿಗೆ ವಿಶಾಖಪಟ್ಟಣದಲ್ಲಿ ಬ್ಯಾಂಕಿನ ತರಬೇತಿ ಬಿತ್ತು. ಅದೇ ವಾರ ಅಶ್ವತ್ಥನಿಗೂ ಅಲ್ಲಿ ಕೆಲಸ. ಅಲ್ಲಿನ ಒಂದು ಕಂಪನಿ ನರ್ಸರಿಗಳಿಗೆ ಸಸಿಯ ಕುಂಡ ಅಚ್ಚು ಹಾಕುತ್ತಿತ್ತು; ಈ ಹರಳಿನಿಂದ ಕುಂಡ ಸರಿಯಾಗಿ ಬಂದರೆ ದೊಡ್ಡ ಆರ್ಡರು. ಇಬ್ಬರೂ ರತ್ನಾಚಲ್ ರೈಲಿನಲ್ಲಿ ಕೂತು ಹೋದರು. ತುನಿ ಸ್ಟೇಷನ್ ದಾಟುವವರೆಗೆ ಅಶ್ವತ್ಥ ಕಿಟಕಿಯಾಚೆ ನೋಡುತ್ತಲೇ ಇದ್ದ. ಎದುರಿನವರು ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಅದಕ್ಕೆ ಎಳ್ಳು ಹಾಕಿದ್ದಾರೋ ಇಲ್ಲವೋ ಎಂದು ಅಶ್ವತ್ಥ ಹೇಳಲಿಲ್ಲ. ಅದು ಶೇಷಗಿರಿಗೆ ವಿಚಿತ್ರವೆನಿಸಿತು, ಅಷ್ಟೇ.

ಮರುದಿನ ಸಂಜೆ ಅಶ್ವತ್ಥ ಫೋನು ಮಾಡಿ, "ಫಿಶಿಂಗ್ ಹಾರ್ಬರ್‌ಗೆ ಹೋಗೋಣ ಬಾ" ಎಂದ.

"ಲೇ, ನಾ ಬೆಳ್ಳುಳ್ಳಿನೂ ತಿನ್ನಾವಲ್ಲ. ಅಲ್ಲಿ ನನಗೇನು ಕೆಲಸ ಅದನೋ?"

"ಬಾ ಅಂದ್ರೆ ಬಾರಯ್ಯ."

ಒಣಮೀನನ್ನು ಸಾಲಾಗಿ ಹರಡಿದ್ದರು. ಶೇಷಗಿರಿ ಕರ್ಚೀಫು ಮುಖಕ್ಕೆ ಒತ್ತಿಕೊಂಡು ಹತ್ತು ಮಾರು ದೂರ ನಿಂತ. ಅಶ್ವತ್ಥ ಸೀದಾ ಹೋಗಿ ಆ ಮೀನಿನ ಮೇಲೆ ಬಗ್ಗಿದ. ಎದೆ ತುಂಬ ಉಸಿರೆಳೆದ. ಬಿಟ್ಟ. ಮತ್ತೆ ಎಳೆದ. ಮೀನು ಕಾಯುತ್ತಿದ್ದ ಮುದುಕಿ, ಕೊಳ್ಳುವುದಾದರೆ ಕೊಳ್ಳಪ್ಪಾ, ಬರೀ ಗಾಳಿ ಕುಡಿದು ಹೊಟ್ಟೆ ತುಂಬೀತೇ ಎಂದು ತೆಲುಗಿನಲ್ಲಿ ಗದರಿದಳು. ಸುತ್ತಲಿದ್ದವರು ನಕ್ಕರು. ಅಶ್ವತ್ಥ ಎದ್ದು ಬಂದಾಗ ಅವನ ಕಣ್ಣು ತುಂಬಿತ್ತು.

"ಏನೂ ಇಲ್ಲ ಕಣೋ" ಎಂದ. "ಗೋಡೆ ಮೂಸಿದ ಹಾಗೆ."

ಜ್ವರದಲ್ಲಿ ಹೋದ ವಾಸನೆ ತಿರುಗಿ ಬಂದೇ ಇರಲಿಲ್ಲ. ನಾಳೆ ಬರುತ್ತದೆ, ನಾಳಿದ್ದು ಬರುತ್ತದೆ ಎಂದು ಕಾಯುತ್ತ, ಅಲ್ಲಿಯವರೆಗೆ ಯಾರಿಗೂ ತಿಳಿಯದಿರಲೆಂದು ದಿನವೂ ಬಗ್ಗಿ, ಮೂಗಿಟ್ಟು, ತಲೆಯಾಡಿಸಿ, ಮಾರ್ಕು ಹಾಕುತ್ತಿದ್ದ. ಅವತ್ತು ಬೆಳಿಗ್ಗೆ ಕುಂಡದ ಕಂಪನಿಯ ಅಚ್ಚಿನ ಯಂತ್ರದಲ್ಲಿ ನಾರು ಸೀಯುತ್ತಿದ್ದರೂ ಪಕ್ಕದಲ್ಲೇ ನಿಂತು ಎಲ್ಲ ಸರಿಯಾಗಿದೆ ಎಂದಿದ್ದ. ಅಲ್ಲಿ ನಾಲ್ಕು ತಿಂಗಳ ಮಟ್ಟಿಗೆ ಬಂದಿದ್ದ ಮೇಧಾ ಎಂಬ ಮೈಸೂರಿನ ಇಂಜಿನಿಯರ್ ಹುಡುಗಿ ಓಡಿ ಬಂದು ಯಂತ್ರ ನಿಲ್ಲಿಸಿ, "ಸರ್, ಇಷ್ಟು ವಾಸನೆ ಬರ್ತಿದೆ, ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು. ನೆಗಡಿ ಎಂದು ಹೇಳಿ ತಪ್ಪಿಸಿಕೊಂಡಿದ್ದ.

"ಕೃಷ್ಣಪ್ರಸಾದಗ ಹೇಳು. ಇವತ್ತ ಹೇಳು" ಎಂದ ಶೇಷಗಿರಿ.

"ಏನಂತ ಹೇಳ್ಲಿ? ಅಲ್ಲಿ ನಾನಂದ್ರೆ ಮೂಗು. ಮೂಗು ತೆಗೆದ್ರೆ ಇನ್ನೇನಿದೆ? ಡಿಪ್ಲೊಮಾ ಮಾಡ್ದೋರು ಬೀದಿಗೆ ಹತ್ತು ಜನ ಸಿಗ್ತಾರೆ."

"ಆದ್ರ ಗೋಡೌನು? ಅಲ್ಲಿ ಮಂದಿ ಇರ್ತಾರಲ್ಲೋ."

"ಬರುತ್ತೆ ಕಣೋ. ಡಾಕ್ಟ್ರು ಬರಬಹುದು ಅಂದಿದಾರೆ. ಅಲ್ಲೀವರೆಗೂ ಪಂಕಜಾಗೂ ಹೇಳ್ಬೇಡ. ನಿಮ್ಮ ಬ್ಯಾಂಕಿನ ಲಾಕರ್ ಅಂದ್ಕೋ. ಒಂದು ಬೀಗದ ಕೈ ನನ್ಹತ್ರ, ಒಂದು ನಿನ್ಹತ್ರ."

ಶೇಷಗಿರಿ ನಕ್ಕ. ನಕ್ಕದ್ದೇ ಒಪ್ಪಿಗೆಯಾಯಿತು.

ಡಾಕ್ಟರು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ನಾಲ್ಕು ಸೀಸೆಗಳಲ್ಲಿ ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ. ದಿನಕ್ಕೆರಡು ಸಲ ಮೂಸಬೇಕು, ಮೂಗು ಮರೆತದ್ದನ್ನು ಮತ್ತೆ ಕಲಿಯಬಹುದು. ಪಂಕಜಾಗೆ ಕಾಣದಿರಲೆಂದು ಸೀಸೆಗಳು ಶೇಷಗಿರಿಯ ಮನೆಯಲ್ಲಿದ್ದವು. ಬೆಳಿಗ್ಗೆ ಆರೂವರೆಗೆ ಅಶ್ವತ್ಥ ಕೆಳಗಿಳಿದು ಬಂದು ಕಣ್ಣು ಮುಚ್ಚಿ ಕೂರುವನು, ಶೇಷಗಿರಿ ಒಂದೊಂದೇ ಸೀಸೆ ಹಿಡಿಯುವನು. ಏಪ್ರಿಲ್‌ನಲ್ಲಿ ಒಂದು ದಿನ, "ಲವಂಗ!" ಎಂದ ಅಶ್ವತ್ಥ. ಹೌದು, ಲವಂಗ. ಮರುದಿನವೂ ಹೇಳಿದ. ಇಬ್ಬರೂ ಬೆಂಜ್ ಸರ್ಕಲ್ಲಿನವರೆಗೆ ನಡೆದುಹೋಗಿ ಮೈಸೂರುಪಾಕು ತಿಂದು ಬಂದರು. ಮೂರನೆಯ ದಿನ ಶೇಷಗಿರಿಗೆ ತಿಳಿಯಿತು: ಲವಂಗದ ಸೀಸೆ ಎತ್ತಿದರೆ ಕಾಳು ಗಲಗಲ ಎನ್ನುತ್ತಿತ್ತು. ಸೀಸೆಯೊಳಗೆ ಹತ್ತಿ ತುರುಕಿ ಹಿಡಿದ. ಅಶ್ವತ್ಥ ಮತ್ತೆರಡು ಸಲ ಉಸಿರೆಳೆದು, "ಗುಲಾಬಿನಾ?" ಎಂದು ಕೇಳಿದ. ಶೇಷಗಿರಿ ಹೂಂ ಎಂದುಬಿಟ್ಟ. ಆ ಹೂಂ ಎಂದದ್ದು ಈಗ ಅವನನ್ನು ಬಹಳ ಕಾಡುತ್ತದೆ.

ಕುಂಡದ ಆರ್ಡರು ಬಂತು. ಜುಲೈ ಹೊತ್ತಿಗೆ ಅದು ಇಮ್ಮಡಿಯಾಯಿತು. ಊರೂರಿಂದ ನಾರು ತರಿಸಿದರು. ಮಳೆ ಹಿಡಿದುದರಿಂದ ಅಂಗಳದಲ್ಲಿ ಒಣಗಿಸಲು ಬಿಸಿಲಿರಲಿಲ್ಲ. ಒಣಗಿದಂತೆ ಕಂಡದ್ದನ್ನೆಲ್ಲ ಪಿಂಡಿ ಕಟ್ಟಿ ಸೂರಿನವರೆಗೆ ಅಟ್ಟಿ ಹಾಕಿದರು. ಆಗಸ್ಟ್ ಹದಿನೈದರಂದು ಧ್ವಜ ಏರಿಸಲು ಕೃಷ್ಣಪ್ರಸಾದ ಕರೆದರೆಂದು ಶೇಷಗಿರಿಯೂ ಕೊಂಡಪಲ್ಲಿಗೆ ಹೋದ. ಲಾಡು ಹಂಚುವ ಮೊದಲು ಅಶ್ವತ್ಥ ಎಂದಿನಂತೆ ಗೋಡೌನಿಗೆ ನಡೆದ. ಹನ್ನೆರಡು ಅಟ್ಟಿ. ಒಂದೊಂದರ ಮುಂದೆಯೂ ಬಗ್ಗಿದ, ಕಣ್ಣು ಮುಚ್ಚಿ ಉಸಿರೆಳೆದ, ತಲೆಯಾಡಿಸಿದ, ಮಾರ್ಕು ಹಾಕಿದ. ಹೆಂಗಸರು ಮಾತು ನಿಲ್ಲಿಸಿ ಅವನ ತಲೆ ಆಡುವುದನ್ನೇ ನೋಡುತ್ತಿದ್ದರು. ಗರ್ಭಗುಡಿ ಖಾಲಿಯೆಂದು ಗೊತ್ತಿದ್ದೂ ಮಂಗಳಾರತಿ ಎತ್ತುವ ಪೂಜಾರಿಯನ್ನು ಕಂಡಂತಾಯಿತು ಶೇಷಗಿರಿಗೆ. ಕೈಯಲ್ಲಿದ್ದ ಲಾಡು ತಿನ್ನಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದನಿ ತಗ್ಗಿಸಿ ಜಗಳವಾಡಿದರು.

"ನೀ ಹೇಳ್ದಿದ್ರ ನಾ ಹೇಳ್ತೀನಿ ನೋಡು."

"ಕಬ್ಬಿಣದ ಸರಳು ಚುಚ್ಚಿ ನೋಡ್ತೀನಿ ಕಣಯ್ಯ, ಸುಮ್ನೇನಿಲ್ಲ ನಾನು. ನಮ್ಮಪ್ಪ ಹಂಗೇ ಮಾಡೋರು. ಚುಚ್ಚಿ ಅರ್ಧ ಗಂಟೆ ಬಿಟ್ಟು ಎಳೆದು ಮುಟ್ಟಿದ್ರೆ ಕಾವು ಗೊತ್ತಾಗುತ್ತೆ."

"ಸರಳು ಎಷ್ಟುದ್ದ ಅದ?"

ಅಶ್ವತ್ಥ ತನ್ನ ತೋಳು ಚಾಚಿ ತೋರಿಸಿದ.

"ಅಟ್ಟಿ ಎಷ್ಟು ದಪ್ಪ ಅದ?"

ಅಶ್ವತ್ಥ ಕಿಟಕಿಯ ಕಡೆ ತಿರುಗಿದ. ಕೃಷ್ಣೆಯ ನೀರು ಕಂದಾಗಿ ತುಂಬಿ ಹರಿಯುತ್ತಿತ್ತು, ಅದನ್ನೇ ನೋಡುತ್ತ, "ವಿಶಾಖದ ಲಾರಿಗಳು ಹೋಗ್ಲಿ. ಸೆಪ್ಟೆಂಬರ್ ಹತ್ತಕ್ಕೆ ಮುಗಿಯುತ್ತೆ. ಹನ್ನೊಂದಕ್ಕೆ ಹೇಳ್ತೀನಿ, ದೇವರಾಣೆ" ಎಂದ.

ಶೇಷಗಿರಿ ಆ ಮೂರು ವಾರದಲ್ಲಿ ಎರಡು ಸಲ ಕೃಷ್ಣಪ್ರಸಾದರ ನಂಬರು ತೆಗೆದ. ಎರಡು ಸಲವೂ ಫೋನು ಕೆಳಗಿಟ್ಟ. ಹನ್ನೊಂದನೆಯ ತಾರೀಖು ದೂರವೇನಿರಲಿಲ್ಲ.

ಸೆಪ್ಟೆಂಬರ್ ನಾಲ್ಕನೆಯ ತಾರೀಖು, ಗುರುವಾರ. ಅವತ್ತು ನಡೆದದ್ದನ್ನು ಶೇಷಗಿರಿಗೆ ಆಮೇಲೆ ಹೇಳಿದವಳು ಹೈಮಾವತಿ.

ಮಧ್ಯಾಹ್ನ ಮಳೆ. ಹೆಂಗಸರು ಆರು ಜನ ಹೊರಗೆ ಕೂರಲಾಗದೆ ಗೋಡೌನಿನೊಳಗೆ, ಏಳನೆಯ ಅಟ್ಟಿಯ ಪಕ್ಕದಲ್ಲಿ ಊಟಕ್ಕೆ ಕೂತಿದ್ದರು. ಅಲ್ಲಿ ಬೆಚ್ಚಗಿತ್ತು. ಅಶ್ವತ್ಥ ಸರಳು ಹಿಡಿದು ಬಂದ.

"ಸಾರೂ, ನಮಗೆ ಇವತ್ತು ಅನ್ನ ಒಂದೇ ಸಾಕು" ಎಂದಳು ಹೈಮಾವತಿ. "ಇಲ್ಲಿ ಕೂತರೆ ಅರಿಸೆ ಕಜ್ಜಾಯ ಮಾಡುವವರ ಮನೆಯಲ್ಲಿ ಕೂತ ಹಾಗಿದೆ. ಬೆಲ್ಲದ ಪಾಕದ ಘಮಘಮ."

ಅವನು ನಗಲಿಲ್ಲ. "ಎಷ್ಟು ದಿನದಿಂದ?"

"ಸೋಮವಾರದಿಂದ ಹುರಿದ ಕಡಲೆಕಾಯಿ ಹಾಗೆ ಬರ್ತಿತ್ತಲ್ಲ, ಇವತ್ತು ಪಾಕ. ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವೇ ಬಂದು ಮೂಸಿ ತಲೆ ಆಡಿಸಿದಿರಿ. ಮಂಗಳವಾರವೂ ಆಡಿಸಿದಿರಿ. ಇವತ್ತೂ ಮಾರ್ಕು ಹಾಕಿದ್ದೀರಲ್ಲ, ನೋಡಿ. ನೀವು ಸರಿ ಅಂದ ಮೇಲೆ ನಮ್ಮದೇನು?"

ಅಶ್ವತ್ಥ ಸ್ಲೇಟು ನೋಡಿದ. ಅಂಗೈಯನ್ನು ಪಿಂಡಿಯ ಮೇಲಿಟ್ಟ. ಆಮೇಲೆ ಅವನು ಕೂಗಿದ ಕೂಗನ್ನು ಹನ್ನೊಂದು ವರ್ಷದಲ್ಲಿ ಅವರು ಕೇಳಿರಲಿಲ್ಲ. "ಏಳಿ! ಊಟ ಬಿಡಿ, ಏಳಿ!" ಕ್ಯಾರಿಯರಿಗಾಗಿ ಹಿಂದಿರುಗಿದ ಒಬ್ಬಳನ್ನು ರಟ್ಟೆ ಹಿಡಿದು ಹೊರಗೆ ದೂಡಿದ. ಕೃಷ್ಣಪ್ರಸಾದ ಛತ್ರಿ ಹಿಡಿದು ಓಡಿಬಂದು, ಹಿಂದಿನ ಶಟರ್ ತೆಗೆಸಿ ಪಿಂಡಿ ಎಳೆಸೋಣ ಎಂದರು. ಬೇಡ, ಗಾಳಿ ಹೊಕ್ಕರೆ ಒಮ್ಮೆಗೇ ಹತ್ತಿಕೊಳ್ಳುತ್ತದೆ, ಫೈರ್ ಇಂಜಿನ್ ಕರೆಸಿ, ಅವರು ಬರುವಷ್ಟರಲ್ಲಿ ಯಾವ ಯಾವ ಅಟ್ಟಿ ಕಾದಿದೆ ಎಂದು ನೋಡಿರುತ್ತೇನೆ ಎಂದ ಅಶ್ವತ್ಥ. ಬಾಗಿಲಲ್ಲಿ ಹೈಮಾವತಿ ಅಡ್ಡ ನಿಂತು, "ನೀವು ಹೊರಗಿಂದಲೇ ಮೂಸಿ ಹೇಳಿ ಸಾರೂ, ಒಳಗೆ ಯಾಕೆ?" ಎಂದಳು.

"ನನಗೆ ವಾಸನೆ ಬರೋದಿಲ್ಲಮ್ಮಾ" ಎಂದ ಅವಳಿಗೊಬ್ಬಳಿಗೇ ಕೇಳಿಸುವಂತೆ. "ಜನವರಿಯಿಂದ."

ಅವನ ಜೊತೆ ಒದ್ದೆ ಟವೆಲು ಸುತ್ತಿಕೊಂಡು ಇಬ್ಬರು ಗಂಡಸರು ಹೋದರು. ನಾಲ್ಕನೆಯ ಅಟ್ಟಿ ದಾಟುವಷ್ಟರಲ್ಲಿ ಸುಟ್ಟ ಪಾಕದ ಗಬ್ಬು ತಡೆಯಲಾರದೆ, ಓಕರಿಕೆ ಬಂದು ಇಬ್ಬರೂ ವಾಪಸು ಓಡಿದರು. ಅಶ್ವತ್ಥನನ್ನು ಹಿಂದಕ್ಕೆ ಅಟ್ಟಲು ಏನೂ ಇರಲಿಲ್ಲ. ಅವನು ಮುಂದಕ್ಕೆ ಹೋದ.

ಫೈರ್ ಇಂಜಿನ್ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಏಳು ಮತ್ತು ಎಂಟನೆಯ ಅಟ್ಟಿಗಳ ನಡುವೆ ಅಶ್ವತ್ಥ ಗೋಡೆಗೆ ಒರಗಿ ಕೂತಿದ್ದನಂತೆ. ಮೈಮೇಲೆ ಒಂದೂ ಸುಟ್ಟ ಗಾಯವಿರಲಿಲ್ಲ. ಹೊಗೆ ಕುಡಿದು ಜೀವ ಹೋಗಿದೆ ಎಂದರು ಡಾಕ್ಟರು. ಏಳನೆಯ ಅಟ್ಟಿಗೆ ಚುಚ್ಚಿದ್ದ ಸರಳನ್ನು ಬರಿಗೈಯಲ್ಲಿ ಹಿಡಿಯಲಾಗಲಿಲ್ಲ. ಒಂದರಿಂದ ಏಳರವರೆಗೆ ಸ್ಲೇಟುಗಳ ಮಾರ್ಕನ್ನು ಅಂಗೈಯಿಂದ ಒರೆಸಿ ಹಾಕಿದ್ದ.

ಅಕ್ಟೋಬರ್ ಒಂದಕ್ಕೆ ಆಯುಧಪೂಜೆ. ಅಶ್ವತ್ಥನ ಸಾಮಾನು ತೆಗೆದುಕೊಂಡು ಹೋಗಿ, ಪೂಜೆಗೂ ಇರಿ ಎಂದು ಕೃಷ್ಣಪ್ರಸಾದ ಪಂಕಜಾಗೆ ಕಾರು ಕಳಿಸಿದರು. ಜೊತೆಗೆ ಶೇಷಗಿರಿ ಹೋದ. ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ. ನಡುವೆ ಅಶ್ವತ್ಥನ ಫೋಟೊ. ಅದರ ಮುಂದೆ ಮಣೆಯ ಮೇಲೆ ಅವನ ಸರಳು, ಅವನ ಸೀಮೆಸುಣ್ಣದ ಡಬ್ಬಿ, ಎರಡಕ್ಕೂ ಅರಿಶಿನ ಕುಂಕುಮ. ಆ ಗೋಡೌನು ಉಳಿದಿತ್ತು. ಒಳಗೆ ಆಗಲೇ ಹೊಸ ನಾರಿನ ಐದು ಅಟ್ಟಿ ಎದ್ದಿದ್ದವು.

"ಅವರ ಮೂಗೇ ನಮ್ಮನ್ನು ಕಾಪಾಡಿತು" ಎಂದರು ಕೃಷ್ಣಪ್ರಸಾದ. ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ಅಂಥ ಮೂಗು ಎಲ್ಲಿ ಸಿಗಬೇಕು? ತಿಪಟೂರಿಗೇ ಜನ ಕಳಿಸಿ ಹುಡುಕಿಸಿದೆ." ಹೊಸಬನನ್ನು ಮುಂದೆ ಕರೆದರು. ನಂದೀಶ್ ಎಂದು ಹೆಸರು, ನಲವತ್ತರ ಆಸುಪಾಸು, ತೆಂಗಿನನಾರಿನಲ್ಲಿ ಕೆಲಸ ಮಾಡಿದ್ದವನು. ಮಂಗಳಾರತಿ ಆದ ಮೇಲೆ ಕೃಷ್ಣಪ್ರಸಾದ ಆ ಸೀಮೆಸುಣ್ಣದ ಡಬ್ಬಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.

ನಂದೀಶ್ ಪಂಕಜಾಗೆ ಕೈ ಮುಗಿದು ಮೊದಲ ಅಟ್ಟಿಯ ಮುಂದೆ ಹೋಗಿ ಬಗ್ಗಿದ. ಹೆಂಗಸರ ಮಾತು ನಿಂತಿತು. ಎಲ್ಲರ ಕಣ್ಣೂ ಅವನ ತಲೆಯ ಮೇಲೆ. ಅವನು ಉಸಿರೆಳೆದ, ಒಂದು ಕ್ಷಣ ಅನುಮಾನಿಸಿದ, ಅಷ್ಟು ಜನ ನೋಡುತ್ತಿದ್ದುದನ್ನು ಕಂಡು ತಲೆಯಾಡಿಸಿದ.

"ನಿಲ್ಲಸ್ರಿ" ಎಂದ ಶೇಷಗಿರಿ.

ಎಲ್ಲರೂ ತಿರುಗಿದರು. ತನಗೆ ಬರುವ ಅರೆಬರೆ ತೆಲುಗಿನಲ್ಲಿ ಅವನು ಹೇಳಿದ: ಅಶ್ವತ್ಥನಿಗೆ ವಾಸನೆ ಬರುತ್ತಿರಲಿಲ್ಲ. ಜನವರಿಯಿಂದ ಬರುತ್ತಿರಲಿಲ್ಲ. ಹಾಕಿದ ಮಾರ್ಕೆಲ್ಲ ಸುಳ್ಳು. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ.

ಕೃಷ್ಣಪ್ರಸಾದರ ಮುಖ ಕೆಂಪಾಯಿತು. "ಏಮಿಟಂಡಿ ಇದಿ? ಸತ್ತವರ ಮೇಲೆ, ಅವರ ಹೆಂಡತಿಯ ಎದುರಿಗೆ, ಇಂಥ ಮಾತಾ?"

"ಅವರು ಹೇಳ್ತಿರೋದು ನಿಜ" ಎಂದಳು ಪಂಕಜಾ. ಶೇಷಗಿರಿ ಅವಳ ಕಡೆ ನೋಡಲಾರದೆ ನೆಲ ನೋಡಿದ. "ಶಿವರಾತ್ರಿ ದಿನ ಹಾಲು ಸೀದು ಪಾತ್ರೆ ಕಪ್ಪಾಯ್ತು. ಇವರು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು. ಅವತ್ತಿಂದ ಇಂಗು ಜಾಸ್ತಿ ಆಯ್ತಾ ಅಂತ ಕೇಳೋದೇ ಬಿಟ್ಟೆ. ತಾವಾಗಿ ಹೇಳ್ಲಿ ಅಂತ ಕಾದೆ."

"ನನಗೂ ಹೇಳಿದರು" ಎಂದಳು ಹೈಮಾವತಿ. "ಕೊನೆಗೆ, ಬಾಗಿಲಲ್ಲಿ."

ನಂದೀಶ್ ಸೀಮೆಸುಣ್ಣದ ಡಬ್ಬಿಯನ್ನು ಮೆಲ್ಲಗೆ ಮಣೆಯ ಮೇಲೆ ವಾಪಸಿಟ್ಟು, ಕೈಯಲ್ಲಿ ಹತ್ತಿದ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಂಡ. "ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ ಸಾರ್" ಎಂದ ಶೇಷಗಿರಿಗೆ ಕನ್ನಡದಲ್ಲಿ. "ಎಲ್ರೂ ನೋಡ್ತಿದ್ರಲ್ಲ, ಅದಕ್ಕೇ..."

ಹೈಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಅಟ್ಟಿಯ ಹತ್ತಿರ ಹೋದಳು. ಪಿಂಡಿಗಳ ಸಂದಿಗೆ ತಾನೇ ಮೂಗಿಟ್ಟಳು. ಎರಡನೆಯದಕ್ಕೂ ಇಟ್ಟಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಹಿಂದೆ ಬಂದರು. ಮೂರನೆಯ ಅಟ್ಟಿಯ ಮುಂದೆ ಹೈಮಾವತಿ ನಿಂತಳು. ಮತ್ತೊಮ್ಮೆ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

"ಹುರಿದ ಕಡಲೆಕಾಯಿ" ಎಂದಳು. "ಇದನ್ನು ಈಗಲೇ ಹೊರಗೆ ಹಾಕಿಸಿ."